ಒಪ್ಪದವರನ್ನು ಒಪ್ಪಿಸುವ ಹಾಗೆ ಬರೆಯುವುದು ಹೇಗೆ

ತಮ್ಮ ನಿಲುವನ್ನು ಬರೆದು ಒಪ್ಪಿಸಲು ಹೊರಟವರಲ್ಲಿ ಹೆಚ್ಚಿನವರು ಬರೆಯುವುದು ಈಗಾಗಲೇ ಒಪ್ಪಿಕೊಂಡವರಿಗೆ. ಓದಿದವರು "ಸರಿಯಾಗಿ ಹೇಳಿದ್ರಿ" ಅಂತಾರೆ, ಬರೆದವರಿಗೂ ಖುಷಿ, ಅಲ್ಲಿಗೆ ಮುಗೀತು. ಒಪ್ಪದವರು ಎರಡನೇ ಸಾಲಿಗೇ ಓದುವುದು ಬಿಟ್ಟಿರುತ್ತಾರೆ. ನಿಜಕ್ಕೂ ಬೇಕಾಗಿದ್ದ ಓದುಗರು ಅವರೇ ಅಲ್ವಾ? ಅವರು ಕೊನೆಯವರೆಗೆ ಓದಬೇಕು, ಓದಿದ ಮೇಲೆ "ಹೌದಲ್ಲ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ" ಅನ್ನಿಸಬೇಕು ಅಂದರೆ ಏನು ಮಾಡಬೇಕು ಅನ್ನುವುದು ಇಲ್ಲಿನ ವಿಷಯ. ಭಾಷೆಯನ್ನು ಚೆಂದ ಮಾಡುವ ಮಾತಿಗೆ ನಾನು ಹೋಗುವುದಿಲ್ಲ. ವಾದ ಹೇಗೆ ಕಟ್ಟಬೇಕು, ಪುರಾವೆ ಹೇಗೆ ಇಡಬೇಕು, ಅಷ್ಟೇ.

ಉದಾಹರಣೆಗೆ ಒಂದೇ ವಿಷಯ ಹಿಡಿದುಕೊಳ್ಳೋಣ. ಹದಿಹರೆಯದ ಮಕ್ಕಳ ಶಾಲೆ ಬೆಳಿಗ್ಗೆ ತೀರಾ ಬೇಗ ಶುರುವಾಗಬಾರದು, ಇದು ನಮ್ಮ ವಾದ. ನಿಮಗೆ ಈ ವಿಷಯದಲ್ಲಿ ಆಸಕ್ತಿ ಇಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ವಿಷಯವನ್ನು ಇದರ ಜಾಗದಲ್ಲಿ ಇಟ್ಟುಕೊಂಡು ಓದಿ.

ಮೊದಲು, ಯಾರಾದರೂ "ಇಲ್ಲ" ಅನ್ನಬಹುದಾದ ಮಾತು ಹೇಳಿ

"ಮಕ್ಕಳ ಆರೋಗ್ಯ ಬಹಳ ಮುಖ್ಯ." ಈ ಮಾತಿಗೆ ಯಾರು ಇಲ್ಲ ಅಂತಾರೆ? ಯಾರೂ ಇಲ್ಲ. ಹಾಗಾಗಿ ಇದು ವಾದವೇ ಅಲ್ಲ. ಇಂಥ ಸಾಲಿನಿಂದ ಶುರುವಾದ ಬರಹ ನಾಲ್ಕು ಪುಟ ಓಡಿದರೂ ಓದುಗರಿಗೆ ನೀವು ಏನು ಕೇಳುತ್ತಿದ್ದೀರಿ ಅಂತಲೇ ತಿಳಿಯುವುದಿಲ್ಲ.

ಈಗ ಇದನ್ನು ನೋಡಿ: "ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು, ಯಾಕೆಂದರೆ ಅದಕ್ಕಿಂತ ಬೇಗ ಶುರುವಾದರೆ ಆ ವಯಸ್ಸಿನ ಮಕ್ಕಳ ನಿದ್ದೆ ಕಡಿಮೆಯಾಗುತ್ತದೆ." ಇದಕ್ಕೆ ಜಗಳ ಆಡಬಹುದು. 8.30 ಯಾಕೆ, 8 ಯಾಕಲ್ಲ? ಪ್ರೌಢಶಾಲೆ ಮಾತ್ರ ಯಾಕೆ? ನಿದ್ದೆ ಕಡಿಮೆಯಾಗುತ್ತದೆ ಅಂತ ಯಾರು ಹೇಳಿದರು? ಒಂದೇ ವಾಕ್ಯಕ್ಕೆ ಇಷ್ಟು ಪ್ರಶ್ನೆ ಹುಟ್ಟಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ ಅಂತ ಅರ್ಥ, ಯಾಕೆಂದರೆ ಈ ಪ್ರಶ್ನೆಗಳೇ ನಿಮ್ಮ ಬರಹದ ಮುಂದಿನ ಪ್ಯಾರಾಗಳು. ಬೇರೆ ರೂಪುರೇಷೆ ಹುಡುಕುವ ಅಗತ್ಯವೇ ಇಲ್ಲ.

ಬರೆಯಲು ಕೂರುವ ಮೊದಲು ಈ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದೇ ವಾಕ್ಯಕ್ಕೆ ಬರಲಿಲ್ಲ, ಮೂರಾಯಿತು ಅಂದರೆ ನಿಮ್ಮ ಹತ್ತಿರ ಮೂರು ವಾದ ಇವೆ. ಒಂದನ್ನು ಆರಿಸಿಕೊಳ್ಳಿ. ಉಳಿದವನ್ನು ಇನ್ನೊಂದು ದಿನಕ್ಕೆ ಇಡಿ.

ನಡುವಿನ ಕೊಂಡಿ

ನನ್ನ ಪ್ರಕಾರ ಹೆಚ್ಚಿನ ಬರಹಗಳು ಸೋಲುವುದು ಪುರಾವೆ ಇಲ್ಲದೆ ಅಲ್ಲ. ಪುರಾವೆಗೂ ನಿಲುವಿಗೂ ನಡುವೆ ಇರಬೇಕಾದ ಕೊಂಡಿಯನ್ನು ಬರೆಯದೇ ಇರುವುದರಿಂದ. ಬರೆಯುವವರಿಗೆ ಆ ಕೊಂಡಿ ಎಷ್ಟು ಸಹಜವಾಗಿ ಕಾಣುತ್ತದೆ ಅಂದರೆ ಅದನ್ನು ಹೇಳಬೇಕು ಅಂತಲೇ ಹೊಳೆಯುವುದಿಲ್ಲ. ಓದುವವರಿಗೆ ಅದೇ ಜಾಗದಲ್ಲಿ ದೊಡ್ಡ ಗುಂಡಿ ಕಾಣುತ್ತದೆ.

ಇದು ಹೊಸ ವಿಚಾರ ಅಲ್ಲ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯ ದರ್ಶನದವರು ಒಂದು ವಾದಕ್ಕೆ ಐದು ಭಾಗ ಇರಬೇಕು ಅಂತ ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು: ಪ್ರತಿಜ್ಞೆ (ನಿಲುವು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ಸಂದರ್ಭಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ). ಅವರು ಕೊಡುವ ಉದಾಹರಣೆಯೂ ಪ್ರಸಿದ್ಧ. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ಎಲ್ಲೆಲ್ಲಿ ಹೊಗೆ ಇರುತ್ತದೋ ಅಲ್ಲಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದ ಮೇಲೂ ಅಂಥದ್ದೇ ಹೊಗೆ ಇದೆ. ಆದ್ದರಿಂದ ಅಲ್ಲಿ ಬೆಂಕಿ ಇದೆ. ಓದಿದಾಗ ಒಂದೇ ಮಾತನ್ನು ಎಳೆದೆಳೆದು ಹೇಳಿದ ಹಾಗೆ ಅನ್ನಿಸಬಹುದು. ಆದರೆ ಮೂರನೇ ಹೆಜ್ಜೆ ನೋಡಿ. "ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ" ಅನ್ನುವ ನಿಯಮವನ್ನು ಬಾಯಿಬಿಟ್ಟು ಹೇಳಿ, ಎಲ್ಲರೂ ಕಣ್ಣಾರೆ ನೋಡಿರುವ ಒಂದು ನಿದರ್ಶನವನ್ನೂ ಪಕ್ಕಕ್ಕೆ ಇಡಬೇಕು ಅನ್ನುತ್ತಾರೆ. ಕೊಂಡಿ ಅಂದರೆ ಅದೇ. 1958ರಲ್ಲಿ ಸ್ಟೀಫನ್ ಟೂಲ್ಮಿನ್ ಎಂಬ ಬ್ರಿಟಿಷ್ ತತ್ವಜ್ಞಾನಿ ಬೇರೆ ದಾರಿಯಿಂದ ಬಂದು ಹೆಚ್ಚುಕಡಿಮೆ ಇದನ್ನೇ ಹೇಳಿದರು: ನಿಲುವು ಒಂದು, ಆಧಾರ ಇನ್ನೊಂದು, ಈ ಆಧಾರದಿಂದ ಆ ನಿಲುವಿಗೆ ಹೋಗಲು ಪರವಾನಗಿ ಕೊಡುವ ನಿಯಮ ಮತ್ತೊಂದು.

ಕೊಂಡಿಯನ್ನು ಬಾಯಿಬಿಟ್ಟು ಹೇಳುವುದರಿಂದ ಇನ್ನೊಂದು ಲಾಭ ಇದೆ. ಅದು ಉಲ್ಟಾ ಆಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಅಂತ ಒಪ್ಪಿದರೆ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಅಂತ ಒಪ್ಪಿದಂತೆ ಆಗುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಈ ಕಬ್ಬಿಣದ ಗುಂಡೂ ಅವರದೇ ಉದಾಹರಣೆ. ನಾವು ದಿನಾ ಓದುವ ಬರಹಗಳಲ್ಲಿ ಈ ಉಲ್ಟಾ ತಪ್ಪು ಎಷ್ಟು ಜಾಸ್ತಿ ಅಂದರೆ ಹೇಳಲಾಗದು. "ಗೆದ್ದವರೆಲ್ಲ ಬೆಳಿಗ್ಗೆ ಬೇಗ ಏಳುತ್ತಾರೆ" ಅನ್ನುವುದರಿಂದ "ಬೇಗ ಎದ್ದರೆ ಗೆಲ್ಲುತ್ತೀರಿ" ಅನ್ನುವುದಕ್ಕೆ ಜಿಗಿಯುವುದು ಇದೇ ಜಾತಿಯದ್ದು.

ಈಗ ನಮ್ಮ ಶಾಲೆಗೆ ಬನ್ನಿ. ಸಾಮಾನ್ಯವಾಗಿ ಜನ ಹೀಗೆ ಬರೆಯುತ್ತಾರೆ: "13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳಿದ್ದಾರೆ. ಹಾಗಾಗಿ ಶಾಲೆ ತಡವಾಗಿ ಶುರುವಾಗಬೇಕು." ಮೊದಲ ವಾಕ್ಯ ಸರಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹಾಗೇ ಹೇಳಿದೆ. ಆದರೆ ಎರಡನೇ ವಾಕ್ಯಕ್ಕೆ ದಾರಿ ಎಲ್ಲಿದೆ? ನಿಮ್ಮನ್ನು ಒಪ್ಪದ ಒಬ್ಬ ತಂದೆ ತಕ್ಷಣ ಕೇಳುತ್ತಾರೆ: "ಹಾಗಾದರೆ ರಾತ್ರಿ ಬೇಗ ಮಲಗಲಿ, ಶಾಲೆ ಯಾಕೆ ಬದಲಾಗಬೇಕು?" ಅವರ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಬರಹದಲ್ಲಿ ಅದಕ್ಕೆ ಉತ್ತರ ಇಲ್ಲದಿದ್ದರೆ ಅವರು ಹೊರಟು ಹೋಗುತ್ತಾರೆ.

ಉತ್ತರ ಇದೆ. ಹದಿಹರೆಯದಲ್ಲಿ ದೇಹದ ಒಳಗಿನ ಗಡಿಯಾರವೇ ಮುಂದಕ್ಕೆ ಸರಿಯುತ್ತದೆ. ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರಲು ಶುರುವಾಗುತ್ತದೆ, ಆದ್ದರಿಂದ ಬೇಗ ಹಾಸಿಗೆಗೆ ಹೋದರೂ ನಿದ್ದೆ ಬೇಗ ಹತ್ತುವುದಿಲ್ಲ. ಮಲಗುವ ಹೊತ್ತು ಮಗುವಿನ ಕೈಯಲ್ಲಿ ಪೂರ್ತಿ ಇಲ್ಲ, ಏಳುವ ಹೊತ್ತು ಶಾಲೆಯ ಕೈಯಲ್ಲಿದೆ. ಬದಲಾಯಿಸಲು ಸಾಧ್ಯವಿರುವುದು ಎರಡನೆಯದು. ಈ ನಾಲ್ಕು ವಾಕ್ಯ ಸೇರಿದ ಮೇಲೆ ಮಾತ್ರ "ಹಾಗಾಗಿ" ಅನ್ನುವುದಕ್ಕೆ ಹಕ್ಕು ಬರುತ್ತದೆ.

ಇದನ್ನು ಅಭ್ಯಾಸ ಮಾಡಲು ಸುಲಭದ ದಾರಿ: ನಿಮ್ಮ ಕರಡಿನಲ್ಲಿ ಪುರಾವೆ ಬಂದ ಪ್ರತಿ ಕಡೆಯೂ ಅಂಚಿನಲ್ಲಿ "ಆದರೇನಂತೆ?" ಅಂತ ಬರೆಯಿರಿ. ಮುಂದಿನ ವಾಕ್ಯ ಅದಕ್ಕೆ ಉತ್ತರ ಆಗಿರಬೇಕು. ಆಗಿಲ್ಲದಿದ್ದರೆ ಅಲ್ಲೊಂದು ವಾಕ್ಯ ಬಿಟ್ಟುಹೋಗಿದೆ.

ಪುರಾವೆಯನ್ನು ಇಡುವ ಬಗೆ

"ಅಧ್ಯಯನಗಳು ಹೇಳುತ್ತವೆ" ಅಂತ ಬರೆಯುವುದನ್ನು ದಯವಿಟ್ಟು ಬಿಟ್ಟುಬಿಡಿ. ಯಾವ ಅಧ್ಯಯನ, ಎಲ್ಲಿ, ಯಾವಾಗ, ಎಷ್ಟು ಜನರ ಮೇಲೆ ಅಂತ ಹೇಳದಿದ್ದರೆ ಅದು ಪುರಾವೆ ಅಲ್ಲ, ಸುಮ್ನೆ ಒಂದು ಭರವಸೆ. ನಿಮ್ಮನ್ನು ಈಗಾಗಲೇ ನಂಬುವವರು ಮಾತ್ರ ಅದನ್ನು ನಂಬುತ್ತಾರೆ.

ಅಮೆರಿಕದ ಸಿಯಾಟಲ್ ನಗರದ ಉದಾಹರಣೆ ತೆಗೆದುಕೊಳ್ಳಿ. 2016ರಲ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳ ಸಮಯ ಬೆಳಿಗ್ಗೆ 7.50ರಿಂದ 8.45ಕ್ಕೆ ಬದಲಾಯಿತು. ಸಂಶೋಧಕರು ಎರಡು ಶಾಲೆಗಳ ಮಕ್ಕಳ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ, ಬದಲಾವಣೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನಿದ್ದೆ ಅಳೆದರು. 2018ರಲ್ಲಿ ಫಲಿತಾಂಶ ಬಂತು: ಶಾಲೆ ಇರುವ ದಿನಗಳ ನಿದ್ದೆಯ ಮಧ್ಯಾಂಕ (ಎಲ್ಲರ ನಿದ್ದೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ನಡುವೆ ಬರುವ ಅಂಕಿ) 6 ಗಂಟೆ 50 ನಿಮಿಷದಿಂದ 7 ಗಂಟೆ 24 ನಿಮಿಷಕ್ಕೆ ಏರಿತ್ತು. 34 ನಿಮಿಷ ಜಾಸ್ತಿ.

ಇದನ್ನು "ಶಾಲೆ ತಡವಾದರೆ ಮಕ್ಕಳ ನಿದ್ದೆ ಗಣನೀಯವಾಗಿ ಹೆಚ್ಚುತ್ತದೆ ಅಂತ ಸಾಬೀತಾಗಿದೆ" ಅಂತ ಬರೆಯಬಹುದು. ಬರೆಯಬೇಡಿ. ಗಣನೀಯ ಅಂದರೆ ಎಷ್ಟು ಅಂತ ಓದುಗರೇ ಅಳೆದುಕೊಳ್ಳಲಿ, ಅವರ ಕೈಗೆ 34 ನಿಮಿಷ ಕೊಡಿ. "ಸಾಬೀತಾಗಿದೆ" ಅನ್ನುವುದೂ ಬೇಡ. ಅಳೆದದ್ದು ಒಂದು ನಗರದ ಎರಡು ಶಾಲೆಗಳಲ್ಲಿ, ಒಂದೊಂದು ಸಲಕ್ಕೆ ನೂರರ ಒಳಗಿನ ಮಕ್ಕಳಲ್ಲಿ, ಅದೂ ಎರಡು ಸಲವೂ ಬೇರೆ ಬೇರೆ ಮಕ್ಕಳಲ್ಲಿ. ಈ ಮಿತಿಯನ್ನು ನೀವೇ ಹೇಳಿಬಿಡಿ. ಹಾಗೆ ಹೇಳಿದರೆ ವಾದ ಬಲ ಕಳೆದುಕೊಳ್ಳುತ್ತದೆ ಅಂತ ಬಹಳ ಜನ ಹೆದರುತ್ತಾರೆ. ನನಗೆ ಕಂಡಂತೆ ಆಗುವುದು ಅದಕ್ಕೆ ವಿರುದ್ಧ. ಸಣ್ಣ ದೋಷವನ್ನು ಮುಚ್ಚಿಡದವರು ದೊಡ್ಡದನ್ನೂ ಮುಚ್ಚಿಟ್ಟಿರಲಿಕ್ಕಿಲ್ಲ ಅಂತ ಓದುಗರು ಲೆಕ್ಕ ಹಾಕುತ್ತಾರೆ. ಅದೇ ಮಿತಿಯನ್ನು ಓದುಗರೇ ಹುಡುಕಿ ಹೊರತೆಗೆದರೆ ಮಾತ್ರ ನಿಮ್ಮ ಉಳಿದ ಎಲ್ಲ ಮಾತಿನ ಮೇಲೂ ಅನುಮಾನ ಶುರು.

ಎಲ್ಲ ಬಗೆಯ ಪುರಾವೆಗೂ ಒಂದೇ ಕೆಲಸ ಕೊಡಲು ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಬೆಳಗಿನ ತರಗತಿಯಲ್ಲಿ ತೂಕಡಿಸುವ ಒಬ್ಬ ಹುಡುಗಿಯ ಕಥೆ ಸಮಸ್ಯೆ ಹೇಗಿರುತ್ತದೆ ಅಂತ ತೋರಿಸುತ್ತದೆ, ಎಷ್ಟು ದೊಡ್ಡದು ಅಂತ ತೋರಿಸುವುದಿಲ್ಲ. ಅದಕ್ಕೆ ಅಂಕಿಅಂಶ ಬೇಕು. ಅಂಕಿಅಂಶ ಎಷ್ಟು ಅನ್ನುವುದನ್ನು ಹೇಳುತ್ತದೆ, ಯಾಕೆ ಅನ್ನುವುದನ್ನು ತಾನಾಗಿ ಹೇಳುವುದಿಲ್ಲ. ತಜ್ಞರ ಮಾತು ಓದುಗರು ತಾವೇ ಪರೀಕ್ಷಿಸಲು ಆಗದ ಕಡೆ ಉಪಯೋಗಕ್ಕೆ ಬರುತ್ತದೆ, ಆದರೆ ಆ ತಜ್ಞರು ಅದೇ ವಿಷಯದ ತಜ್ಞರಾಗಿರಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳು 8.30ಕ್ಕಿಂತ ಮೊದಲು ಶುರುವಾಗಬಾರದು ಅಂತ ಶಿಫಾರಸು ಮಾಡಿತು. ಮಕ್ಕಳ ಆರೋಗ್ಯದ ಮಟ್ಟಿಗೆ ಅವರ ಮಾತಿಗೆ ತೂಕ ಇದೆ. ಶಾಲಾ ಬಸ್ಸುಗಳ ವೇಳಾಪಟ್ಟಿ ಹೇಗೆ ಹೊಂದಿಸಬೇಕು ಅನ್ನುವುದಕ್ಕೆ ಅವರನ್ನು ಕರೆತಂದರೆ ಪ್ರಯೋಜನ ಇಲ್ಲ. ಇನ್ನು ಪ್ರಸಿದ್ಧ ನಟರೋ ಆಟಗಾರರೋ ಹೇಳಿದರು ಅಂತ ತರುವುದನ್ನಂತೂ ಮಾತಾಡುವುದೇ ಬೇಡ.

ಪುರಾವೆಯ ಮೂಲವನ್ನು ನೀವೇ ಓದಿ. ಯಾರೋ ಬರೆದದ್ದನ್ನು ಇನ್ಯಾರೋ ಸಾರಾಂಶ ಮಾಡಿದ್ದು ಸಾಲದು. ಒಳ್ಳೆಯ ಪತ್ರಿಕೆಯಲ್ಲಿ ಪ್ರಕಟವಾಗಿದೆ ಅನ್ನುವುದೂ ಸಾಲದು, ಇವತ್ತಿಗೂ ಅದು ನಿಂತಿದೆಯಾ ಅಂತ ನೋಡಬೇಕು. ದಡಾರ, ಮಂಗನಬಾವು, ರುಬೆಲ್ಲಾ ಬರದಂತೆ ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಅನ್ನುವ ಹೆದರಿಕೆಯನ್ನು ಹುಟ್ಟಿಸಿದ ಪ್ರಬಂಧ 1998ರಲ್ಲಿ ಪ್ರಕಟವಾದದ್ದು ಲ್ಯಾನ್ಸೆಟ್ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ. ಅದರಲ್ಲಿ ಇದ್ದದ್ದು ಬರೀ 12 ಮಕ್ಕಳು. 2010ರಲ್ಲಿ ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿತು. ಇಂದಿಗೂ ಅದನ್ನು ಪುರಾವೆ ಅಂತ ಎತ್ತಿ ಹಿಡಿಯುವವರಿದ್ದಾರೆ, ಹಿಂತೆಗೆದುಕೊಂಡ ವಿಷಯ ಅವರಿಗೆ ಗೊತ್ತಿಲ್ಲವೋ ಗೊತ್ತಿದ್ದೂ ಹೇಳುವುದಿಲ್ಲವೋ.

ಅಂಕಿಗಳ ವಿಷಯ

ಶೇಕಡಾ ಲೆಕ್ಕ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟರಲ್ಲಿ ಎಷ್ಟು? 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡರಷ್ಟಾಗುತ್ತದೆ ಅಂತ. ಎರಡರಷ್ಟು, ಅಂದರೆ ಶೇ. 100 ಹೆಚ್ಚಳ. ಸುದ್ದಿ ಹರಡಿತು, ಬಹಳ ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಆದರೆ ಮೂಲ ಅಂಕಿ ಏನಿತ್ತು? ಹಳೆಯ ಮಾತ್ರೆಯಿಂದ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಆಗುತ್ತಿದ್ದದ್ದು ಹೊಸ ಮಾತ್ರೆಯಿಂದ 7,000ದಲ್ಲಿ ಸುಮಾರು ಇಬ್ಬರಿಗೆ ಆಗುತ್ತಿತ್ತು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ಆದವು ಅಂತ ಅಂದಾಜು ಇದೆ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಅನ್ನುವುದನ್ನು ಗಮನಿಸಿ. ಶೇ. 100 ಅನ್ನುವುದು ನಿಜವೇ. ಅರ್ಧ ಅಂಕಿ ಮಾತ್ರ ಹೊರಗೆ ಬಂದಿತ್ತು.

ನಿಮ್ಮ ಬರಹದಲ್ಲಿ ಎರಡೂ ಇರಲಿ. ಎಷ್ಟು ಪಟ್ಟು ಏರಿತು ಅನ್ನುವುದರ ಪಕ್ಕದಲ್ಲೇ ಎಷ್ಟರಿಂದ ಎಷ್ಟಕ್ಕೆ ಅನ್ನುವುದು. ಬರೀ ಪಟ್ಟು ಹೇಳಿದರೆ ಪರಿಣಾಮ ಜಾಸ್ತಿ ಅಂತ ನಿಮಗೂ ಗೊತ್ತು. ಆ ಆಸೆಗೆ ಬೀಳಬೇಡಿ, ತಿಳಿದ ಓದುಗರು ಹಿಡಿದೇ ಹಿಡಿಯುತ್ತಾರೆ.

ದೊಡ್ಡ ಸಂಖ್ಯೆ ನೋಡಿ ಮರುಳಾಗುವುದೂ ಬೇಡ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಕಾಗದ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅದರ ಮೇಲೆ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಪತ್ರಿಕೆ ವಿಳಾಸ ಹುಡುಕಿದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಯಿಂದ, ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು ಕಾರು ಇದ್ದವರು ಯಾರು ಅಂತ ಯೋಚಿಸಿ. ಜೊತೆಗೆ, ಕಷ್ಟಪಟ್ಟು ಉತ್ತರ ಬರೆದು ಕಳಿಸಿದವರೂ ಉಳಿದವರ ಹಾಗೆ ಇರಲಿಲ್ಲ. ಹಾಗಾಗಿ "ಲಕ್ಷಾಂತರ ಜನರ ಸಮೀಕ್ಷೆ" ಅಂತ ಬರೆಯುವ ಮೊದಲು ಅವರನ್ನು ಆರಿಸಿದ್ದು ಹೇಗೆ, ಉತ್ತರ ಕೊಡದವರು ಯಾರು ಅಂತ ನೋಡಿ.

ಇದರಿಂದಲೇ ಅದಾಯಿತು ಅನ್ನುವ ಮೊದಲು

ಒಂದರ ಹಿಂದೆ ಒಂದು ನಡೆದರೆ ಮೊದಲನೆಯದೇ ಕಾರಣ ಅಂತ ಅನ್ನಿಸುವುದು ಮನುಷ್ಯನ ಸ್ವಭಾವ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧ ಇಲ್ಲ ಅಂತ ನಮಗೆಲ್ಲ ಗೊತ್ತಿದ್ದರೂ ಬರೆಯುವಾಗ ಮರೆತುಹೋಗುತ್ತದೆ. ಎರಡು ಸಂಗತಿ ಜೊತೆಜೊತೆಗೆ ಕಂಡರೆ ಮೂರು ಬೇರೆ ಸಾಧ್ಯತೆಗಳು ಇರುತ್ತವೆ: ಸುಮ್ನೆ ಕಾಕತಾಳೀಯ ಇರಬಹುದು, ದಿಕ್ಕು ಉಲ್ಟಾ ಇರಬಹುದು, ಅಥವಾ ಎರಡಕ್ಕೂ ಕಾರಣವಾದ ಮೂರನೆಯದೊಂದು ಇರಬಹುದು. ಈ ಮೂರನ್ನೂ ಒಂದೊಂದಾಗಿ ತಳ್ಳಿಹಾಕದೆ ಕಾರಣ ಅನ್ನಬೇಡಿ.

ತಳ್ಳಿಹಾಕುವುದು ಹೇಗೆ ಅಂತ ಕಲಿಯಲು ಧೂಮಪಾನದ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನೂ ಇಲ್ಲದ ರೋಗಿಗಳನ್ನೂ ಹೋಲಿಸಿ, ಕ್ಯಾನ್ಸರ್ ಇದ್ದವರಲ್ಲಿ ಸಿಗರೇಟು ಸೇದುವವರು ಹೆಚ್ಚು ಅಂತ ತೋರಿಸಿದರು. ಆಕ್ಷೇಪ ಬಂತು: ಕಾಯಿಲೆ ಬಿದ್ದ ಮೇಲೆ ಕೇಳಿದ್ದೀರಿ, ರೋಗಿಗಳ ನೆನಪನ್ನು ನಂಬಬಹುದಾ? ಅವರು ದಾರಿ ಬದಲಿಸಿದರು. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಕಾಗದ ಬರೆದು, ಉತ್ತರ ಕೊಟ್ಟ ಸುಮಾರು 40,000 ಜನರ ಧೂಮಪಾನದ ಅಭ್ಯಾಸವನ್ನು ಮೊದಲೇ ದಾಖಲಿಸಿಕೊಂಡು, ಮುಂದೆ ಯಾರು ಯಾವುದರಿಂದ ಸಾಯುತ್ತಾರೆ ಅಂತ ಕಾದು ನೋಡಿದರು. ಜಾಸ್ತಿ ಸೇದಿದಷ್ಟೂ ಅಪಾಯ ಜಾಸ್ತಿ ಅಂತ ಕಂಡಿತು. ಆಗ ರೊನಾಲ್ಡ್ ಫಿಷರ್, ಆ ಕಾಲದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞ, ತಾವೂ ಪೈಪ್ ಸೇದುತ್ತಿದ್ದವರು, ಮತ್ತೊಂದು ಆಕ್ಷೇಪ ತೆಗೆದರು: ಸಿಗರೇಟಿನ ಆಸೆಯನ್ನೂ ಕ್ಯಾನ್ಸರನ್ನೂ ತರುವ ಒಂದೇ ವಂಶವಾಹಿ ಇರಬಹುದಲ್ಲ? ಮೂರನೆಯ ಕಾರಣದ ಆಕ್ಷೇಪ ಅಂದರೆ ಇದೇ. ಆದರೆ ಸೇದುವುದನ್ನು ಬಿಟ್ಟವರಲ್ಲಿ ಅಪಾಯ ಇಳಿಯುತ್ತಿತ್ತು. ಸಿಗರೇಟು ಬಿಟ್ಟರೆ ವಂಶವಾಹಿ ಬದಲಾಗುವುದಿಲ್ಲವಲ್ಲ.

ಇಲ್ಲಿ ಒಂದೇ ಪುರಾವೆ ಎಲ್ಲವನ್ನೂ ಗೆಲ್ಲಲಿಲ್ಲ. ಪ್ರತಿ ಆಕ್ಷೇಪಕ್ಕೂ ಅದಕ್ಕೇ ತಕ್ಕ ಪುರಾವೆ ಬಂತು. ನೀವು ಬರೆಯುವಾಗ ಮಾಡಬೇಕಾದ್ದೂ ಅದೇ. ಒಂದೇ ಆಕ್ಷೇಪಕ್ಕೆ ಐದು ಪುರಾವೆ ಪೇರಿಸಿ ಉಳಿದ ನಾಲ್ಕು ಆಕ್ಷೇಪಗಳನ್ನು ಹಾಗೇ ಬಿಟ್ಟರೆ ಬರಹ ಉದ್ದವಾಗುತ್ತದೆ, ಗಟ್ಟಿಯಾಗುವುದಿಲ್ಲ.

ಎದುರಿನವರ ಮಾತನ್ನು ನೀವೇ ಹೇಳಿ

ಹಿಂದಿನವರು ಶಾಸ್ತ್ರ ಬರೆಯುವಾಗ ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಮೊದಲು ಇಟ್ಟು, ಅದನ್ನು ಒಡೆದ ಮೇಲೆ ತಮ್ಮ ಸಿದ್ಧಾಂತ ಹೇಳುತ್ತಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬರಬೇಕಿತ್ತು. ಡಾರ್ವಿನ್ ಕೂಡ 1859ರಲ್ಲಿ ತನ್ನ ವಿಕಾಸವಾದವನ್ನು ಮಂಡಿಸಿದಾಗ ಆರನೇ ಅಧ್ಯಾಯವನ್ನು ಪೂರ್ತಿಯಾಗಿ ಆ ವಾದಕ್ಕೆ ಎದುರಾಗುವ ಕಷ್ಟಗಳಿಗೇ ಮೀಸಲಿಟ್ಟ. ಕಣ್ಣಿನಂಥ ಅಂಗ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೇಗೆ ರೂಪುಗೊಂಡೀತು ಅನ್ನುವ ಪ್ರಶ್ನೆಯನ್ನು ವಿರೋಧಿಗಳು ಎತ್ತುವ ಮೊದಲೇ ತಾನೇ ಎತ್ತಿ ಉತ್ತರಿಸಿದ.

ಶಾಲೆಯ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಜೋರಾದದ್ದು ಇದು: "ಶಾಲೆ ಒಂದು ಗಂಟೆ ತಡ ಮಾಡಿದರೆ ಮಕ್ಕಳು ಒಂದು ಗಂಟೆ ತಡವಾಗಿ ಮಲಗುತ್ತಾರೆ, ಲಾಭ ಏನು?" ಇದನ್ನು ಅಷ್ಟೇ ಜೋರಾಗಿ ಬರೆಯಿರಿ. ಆಮೇಲೆ ಸಿಯಾಟಲ್ ಅಂಕಿಯನ್ನು ಇಲ್ಲಿ ತನ್ನಿ: ಅಲ್ಲಿ ಮಕ್ಕಳು ಮಲಗುವ ಹೊತ್ತು ಹೆಚ್ಚೇನೂ ಮುಂದಕ್ಕೆ ಹೋಗಿರಲಿಲ್ಲ, ಏಳುವ ಹೊತ್ತು ಮಾತ್ರ ಮುಂದಕ್ಕೆ ಹೋಗಿತ್ತು. ಅದೇ ಪುರಾವೆ, ಆದರೆ ಸುಮ್ಮನೆ ಬರಹದ ಆರಂಭದಲ್ಲಿ ಇಟ್ಟದ್ದಕ್ಕಿಂತ ಆಕ್ಷೇಪದ ಬೆನ್ನಿಗೇ ಇಟ್ಟಾಗ ಅದರ ಕೆಲಸ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡಿ.

ಎಲ್ಲ ಆಕ್ಷೇಪಕ್ಕೂ ಉತ್ತರ ಇರುವುದಿಲ್ಲ. ಕೆಲಸಕ್ಕೆ ಬೇಗ ಹೊರಡುವ ತಂದೆತಾಯಿಗೆ ತೊಂದರೆ ಆಗುತ್ತದೆ, ಸಂಜೆ ಆಟದ ಸಮಯ ಕಡಿಮೆಯಾಗುತ್ತದೆ. ಇದಕ್ಕೆ ನಿದ್ದೆಯ ಅಂಕಿ ತೋರಿಸಿದರೆ ಅದು ಉತ್ತರವಲ್ಲ. ಒಪ್ಪಿಕೊಳ್ಳಿ. "ಹೌದು, ಈ ತೊಂದರೆ ನಿಜ, ಆದರೂ ಈ ಕಾರಣಕ್ಕೆ ಬದಲಾವಣೆ ಮೇಲು ಅನ್ನಿಸುತ್ತದೆ" ಅಂತ ಬರೆಯಿರಿ. ಇದನ್ನು ಮಾಡಿ ನೋಡಿದ ಕಡೆ ಇದ್ದರೆ ಅದನ್ನು ಹೇಳಿ. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿ, 2022ರ ಜುಲೈನಿಂದ ಹೆಚ್ಚಿನ ಸರ್ಕಾರಿ ಪ್ರೌಢಶಾಲೆಗಳು 8.30ಕ್ಕಿಂತ ಮೊದಲು ಶುರುವಾಗದಂತೆ ಮಾಡಿತು. ಇದರಿಂದ ಆ ತೊಂದರೆಗಳು ಇಲ್ಲ ಅಂತ ತೋರಿಸಿದ ಹಾಗಾಗುವುದಿಲ್ಲ. ಅವನ್ನು ಇಟ್ಟುಕೊಂಡೂ ಜಾರಿಗೆ ತರಬಹುದು ಅಂತ ಮಾತ್ರ ತೋರಿಸಿದ ಹಾಗಾಗುತ್ತದೆ. ಆ ವ್ಯತ್ಯಾಸವನ್ನು ಕಲಸಿಬಿಡಬೇಡಿ.

ತರ್ಕದೋಷಗಳ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ, ಇಲ್ಲಿ ಮತ್ತೆ ಕೊಡುವುದಿಲ್ಲ. ಒಂದೇ ಮಾತು. ಆ ಪಟ್ಟಿ ನಿಮ್ಮ ಕರಡನ್ನು ತಿದ್ದಲು ಇರುವುದು, ಎದುರಿನವರಿಗೆ "ನಿಮ್ಮದು ವಿತಂಡವಾದ" ಅಂತ ಹೆಸರಿಟ್ಟು ಕೂರಿಸಲು ಅಲ್ಲ. ಹೆಸರಿಟ್ಟ ಮಾತ್ರಕ್ಕೆ ವಾದ ಒಡೆಯುವುದಿಲ್ಲ. ಎಲ್ಲಿ ತಪ್ಪಿದೆ ಅಂತ ಸರಳವಾಗಿ ತೋರಿಸಬೇಕು.

ಪುರಾವೆ ಇದ್ದೂ ಸೋತವರು

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿದ್ದ. ಶವಗಳನ್ನು ಕೊಯ್ದು ಕಲಿಯುವ ವೈದ್ಯವಿದ್ಯಾರ್ಥಿಗಳೇ ಬಂದು ಹೆರಿಗೆ ಮಾಡಿಸುತ್ತಿದ್ದ ವಿಭಾಗ ಅದು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಬಾಣಂತಿಯರ ಸಾವು ಸುಮಾರು ಶೇ. 18. ಮೇ ತಿಂಗಳ ನಡುವಿನಿಂದ ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕು ಅಂತ ನಿಯಮ ಮಾಡಿದ. ಜೂನ್‌ನಲ್ಲಿ ಸಾವು ಸುಮಾರು ಶೇ. 2ಕ್ಕೆ ಇಳಿಯಿತು. ಇದಕ್ಕಿಂತ ಗಟ್ಟಿ ಪುರಾವೆ ಬೇಕಾ? ಆದರೂ ಆ ಕಾಲದ ಬಹಳಷ್ಟು ವೈದ್ಯರು ಒಪ್ಪಲಿಲ್ಲ.

ಕಾರಣ ಹಲವು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಯೂರಿರಲಿಲ್ಲ, ಹಾಗಾಗಿ ಕೈಯಲ್ಲಿದ್ದ ಕೊಳೆ ಹೇಗೆ ಕೊಲ್ಲುತ್ತದೆ ಅನ್ನುವ ಕೊಂಡಿಯನ್ನು ಅವರಿಗೆ ಒಪ್ಪಿಗೆಯಾಗುವ ಹಾಗೆ ಹೇಳಲು ಅವನಿಂದ ಆಗಲಿಲ್ಲ. ಪೂರ್ತಿ ಪುಸ್ತಕವಾಗಿ ಅದನ್ನು ಬರೆದದ್ದು 1861ರಲ್ಲಿ, ಹದಿನಾಲ್ಕು ವರ್ಷ ಆದ ಮೇಲೆ. ಒಪ್ಪದವರಿಗೆ ಆಮೇಲೆ ಬಹಿರಂಗ ಪತ್ರ ಬರೆದು ಕೊಲೆಗಾರರು ಅಂತ ಕರೆದ. ಹೆಂಗಸರು ಸಾಯುವುದನ್ನು ನೋಡಿದವನ ಸಿಟ್ಟು ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷ ತನ್ನ ಕೈಯಿಂದಲೇ ಬಾಣಂತಿಯರು ಸತ್ತರು ಅಂತ ಒಪ್ಪಿಕೊಳ್ಳುವುದು ಒಬ್ಬ ವೈದ್ಯನಿಗೆ ಎಷ್ಟು ಕಷ್ಟ ಯೋಚಿಸಿ. ಅಂಥವನು ಮನಸ್ಸು ಬದಲಿಸಲು ಒಂದು ಮರ್ಯಾದೆಯ ದಾರಿ ಬೇಕಿತ್ತು, ಆ ಪತ್ರಗಳು ಅದನ್ನೂ ಮುಚ್ಚಿದವು.

ಹಾಗಾಗಿ ನಿಮ್ಮ ಬರಹದಲ್ಲೂ ಆ ದಾರಿ ಬಿಡಿ. "ಇಷ್ಟೂ ತಿಳಿಯದವರು" ಅಂತ ಬರೆದರೆ ಓದುಗರು ಒಪ್ಪುವುದು ಅಂದರೆ ತಾವು ದಡ್ಡರು ಅಂತ ಒಪ್ಪಿದ ಹಾಗೆ. ಯಾರು ಒಪ್ಪುತ್ತಾರೆ? "ಬೇಗ ಶುರುವಾಗುವ ಶಾಲೆಗೆ ಅದರದೇ ಕಾರಣಗಳಿದ್ದವು, ಹದಿಹರೆಯದ ನಿದ್ದೆಯ ಬಗ್ಗೆ ಗೊತ್ತಾದದ್ದು ಈಚೆಗೆ" ಅಂತ ಬರೆದರೆ ಅವರು ಮುಖ ಕಳೆದುಕೊಳ್ಳದೆ ನಿಮ್ಮ ಕಡೆ ಬರಬಹುದು.

ಕರಡು ಮುಗಿದ ಮೇಲೆ

ಒಂದು ದಿನ ಬಿಟ್ಟು, ಒಪ್ಪದವರ ಕಣ್ಣಿನಿಂದ ಓದಿ. ನಿಮ್ಮ ಪರಿಚಯದಲ್ಲಿ ನಿಜಕ್ಕೂ ಒಪ್ಪದವರು ಇದ್ದರೆ ಅವರಿಗೇ ಕೊಡಿ, ಅದು ಇನ್ನೂ ಒಳ್ಳೆಯದು. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, "ಯಾವ ಸಾಲಿನಲ್ಲಿ ನಂಬಿಕೆ ಹೋಯಿತು?" ಅಂತ ಕೇಳಿ.

"ಎಲ್ಲರಿಗೂ ಗೊತ್ತಿರುವಂತೆ", "ನಿಸ್ಸಂದೇಹವಾಗಿ", "ಸ್ಪಷ್ಟವಾಗಿ" ಇವೆಲ್ಲ ಎಲ್ಲೆಲ್ಲಿ ಬಂದಿವೆ ನೋಡಿ. ಬಹಳ ಸಲ ಪುರಾವೆ ಇಲ್ಲದ ಜಾಗದಲ್ಲೇ ಇವು ಬಂದಿರುತ್ತವೆ. ಅದೇ ರೀತಿ "ಎಲ್ಲ", "ಯಾವತ್ತೂ", "ಯಾರೂ" ಅನ್ನುವ ಕಡೆ ಒಂದು ಅಪವಾದ ಸಿಕ್ಕರೆ ಸಾಕು, ವಾಕ್ಯ ಬಿತ್ತು. "ಹೆಚ್ಚಿನ", "ಸಾಮಾನ್ಯವಾಗಿ" ಅಂತ ತಿದ್ದಿ, ಆದರೆ ಪ್ರತಿ ವಾಕ್ಯಕ್ಕೂ "ಬಹುಶಃ" ಅಂಟಿಸುವ ಮಟ್ಟಕ್ಕೂ ಹೋಗಬೇಡಿ, ಅದು ಓದುವವರಿಗೆ ಹಿಂಸೆ.

ಪುರಾವೆಗಳನ್ನು ಒಂದು ಕಡೆ ಸಾಲಾಗಿ ಬರೆದು ಅದರಲ್ಲಿ ಅತಿ ದುರ್ಬಲವಾದದ್ದನ್ನು ಹೊಡೆದುಹಾಕಿ. ಆರು ಪುರಾವೆ ಇದ್ದರೆ ಆರೂ ಸೇರಿ ಬಲ ಕೊಡುತ್ತವೆ ಅಂತ ನಮಗೆ ಅನ್ನಿಸುತ್ತದೆ, ಆದರೆ ಎದುರಿನವರು ಉತ್ತರ ಬರೆಯುವಾಗ ಗಟ್ಟಿಯಾದ ಐದನ್ನು ಮುಟ್ಟುವುದೇ ಇಲ್ಲ, ಆರನೆಯದನ್ನು ಹಿಡಿದು ಎಳೆಯುತ್ತಾರೆ, ಮುಂದಿನ ಚರ್ಚೆಯೆಲ್ಲ ಅದರ ಮೇಲೇ ನಡೆಯುತ್ತದೆ. ಶಾಲೆಯ ಬರಹದಲ್ಲಿ ನಾನಾಗಿದ್ದರೆ ತೂಕಡಿಸುವ ಹುಡುಗಿಯ ಕಥೆಯನ್ನು ಎರಡು ಸಾಲಿಗೆ ಇಳಿಸಿ, ದೇಹದ ಗಡಿಯಾರ, ಸಿಯಾಟಲ್, ಮಕ್ಕಳ ವೈದ್ಯರ ಶಿಫಾರಸು, ಕ್ಯಾಲಿಫೋರ್ನಿಯಾ ಈ ನಾಲ್ಕನ್ನು ಉಳಿಸಿಕೊಂಡು, ಶಾಲೆ ತಡವಾದರೆ ಅಂಕಗಳೂ ಏರುತ್ತವೆ ಅನ್ನುವ ವಾದವನ್ನು ಕೈಬಿಡುತ್ತಿದ್ದೆ. ಅಂಕಗಳ ಮೇಲೆ ಪರಿಣಾಮ ಬೀರುವ ಸಂಗತಿಗಳು ಬಹಳ ಇವೆ, ಅವನ್ನೆಲ್ಲ ತಳ್ಳಿಹಾಕಲು ಇನ್ನೊಂದು ಬರಹವೇ ಬೇಕಾಗುತ್ತದೆ.